ಯಾವ ಕೆಲಸಕ್ಕೆ ಯಾವ ಆಸಿಲೇಟರ್? ತಂಬೂರಿ ಪೆಟ್ಟಿಗೆಯಿಂದ ಶಾಲೆಯ ಗಂಟೆಯವರೆಗೆ

ಧಾರವಾಡದಲ್ಲಿ ಹಾಡು ಕಲಿಯುತ್ತ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ ಕಳೆದ ಬೇಸಿಗೆಯಲ್ಲಿ ತಾನೇ ಕಟ್ಟಿದ ತಂಬೂರಿ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟ. ಎರಡು 555 ಟೈಮರ್ ಐಸಿ: ಒಂದು ಷಡ್ಜಕ್ಕೆ, ಇನ್ನೊಂದು ಪಂಚಮಕ್ಕೆ. "ಸರ, ಮುಂಜಾನೆ ಛಲೋ ಇರತೈತ್ರಿ. ಮಧ್ಯಾಹ್ನ ಆತಂದ್ರ ಸಾ ಒಂದ ಕಡೆ, ಪಾ ಒಂದ ಕಡೆ ಹೊಂಟಬಿಡತಾವ" ಎಂದ. ಸರ್ಕ್ಯೂಟ್ ಪಠ್ಯದಲ್ಲಿದ್ದಂತೆಯೇ ಇತ್ತು, ಬೆಸುಗೆಯೂ ಚೊಕ್ಕವಾಗಿತ್ತು. ಆ ಕೆಲಸಕ್ಕೆ ಆ ಆಸಿಲೇಟರ್, ಅಂದರೆ ತಾನಾಗಿ ಅಲೆ ಹುಟ್ಟಿಸುತ್ತಲೇ ಇರುವ ಆ ಸರ್ಕ್ಯೂಟ್, ಹೊಂದುತ್ತಿರಲಿಲ್ಲ, ಅಷ್ಟೇ.

ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಹುಡುಗರ ಪ್ರಾಜೆಕ್ಟ್ ನೋಡಿದವನಾಗಿ ಹೇಳುತ್ತೇನೆ, ಇದೇ ತಪ್ಪು ಪ್ರತಿವರ್ಷ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಪಠ್ಯದಲ್ಲಿ ಹಾರ್ಟ್ಲಿ, ಕಾಲ್ಪಿಟ್ಸ್, ವೀನ್ ಬ್ರಿಜ್, ಕ್ರಿಸ್ಟಲ್ ಎಂದು ಒಂದಾದ ಮೇಲೊಂದು ಪಾಠ ಇರುತ್ತವೆ. ಸೂತ್ರವೂ ಬಾಯಿಪಾಠ ಆಗಿರುತ್ತದೆ. ಯಾವುದನ್ನು ಎಲ್ಲಿ ಹಾಕಬೇಕು ಎನ್ನುವ ಪಾಠ ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಂಚಮಿ ಜೋಕಾಲಿ ಮತ್ತು ನೀರಿನ ಟಾಕಿ

ನಾಗರ ಪಂಚಮಿಗೆ ನಮ್ಮ ಕಡೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಜೋಕಾಲಿ ಕಟ್ಟುತ್ತೇವಲ್ಲ, ಆಸಿಲೇಟರ್ ಎಂದರೆ ಅದೇ. ಒಮ್ಮೆ ನೂಕಿ ಬಿಟ್ಟರೆ ಜೋಕಾಲಿ ಆಡುತ್ತದೆ, ಆದರೆ ಹಗ್ಗದ ಉಜ್ಜಾಟಕ್ಕೆ, ಗಾಳಿಗೆ ಶಕ್ತಿ ಸೋರಿ ನಿಧಾನಕ್ಕೆ ನಿಂತುಬಿಡುತ್ತದೆ. ನಿಲ್ಲದಂತೆ ಆಡಿಸಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಸೋರಿದಷ್ಟನ್ನು ಪ್ರತಿ ಸಲ ತುಂಬಿಕೊಡಬೇಕು. ತುಂಬುವ ನೂಕು ಸರಿಯಾದ ಕ್ಷಣಕ್ಕೇ ಬೀಳಬೇಕು. ಎದುರು ಬರುವಾಗ ನೂಕಿದರೆ ಜೋಕಾಲಿ ನಿಲ್ಲುತ್ತದೆ. ಜರ್ಮನಿಯ ಹೈನ್‌ರಿಚ್ ಬಾರ್ಕ್‌ಹೌಸೆನ್ 1921ರಲ್ಲಿ ಇದನ್ನೇ ಗಣಿತದಲ್ಲಿ ಹೇಳಿದ. ಆಂಪ್ಲಿಫೈಯರ್‌ನಿಂದ ಹೊರಟ ಸಂಕೇತ ಫೀಡ್‌ಬ್ಯಾಕ್ ದಾರಿಯಲ್ಲಿ ಒಂದು ಸುತ್ತು ಬಂದಾಗ ಅದರ ಗಾತ್ರ ಮೊದಲಿನಷ್ಟೇ ಇರಬೇಕು, ಫೇಸ್, ಅಂದರೆ ಅಲೆ ತನ್ನ ಏರಿಳಿತದಲ್ಲಿ ಇರುವ ಜಾಗ, ಪೂರ್ತಿ 360 ಡಿಗ್ರಿ ತಿರುಗಿ ಮೊದಲಿನ ಜಾಗಕ್ಕೆ ಬಂದು ಕೂಡಬೇಕು. ಜಾತ್ರೆಯ ಭಜನೆಯಲ್ಲಿ ಮೈಕ್ ಸ್ಪೀಕರಿನ ಎದುರಿಗೆ ಬಂದಾಗ "ಕೂಂಂಂ" ಎಂದು ಕೂಗುವುದೂ ಇದೇ ನಿಯಮದಿಂದ. ಅಲ್ಲಿ ಯಾರೂ ಬಯಸದೆ ಆಸಿಲೇಟರ್ ಹುಟ್ಟಿರುತ್ತದೆ.

ಮೊದಲ ನೂಕು ಯಾರು ಕೊಡುತ್ತಾರೆ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ರೆಸಿಸ್ಟರ್, ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಇರುವ ಸಣ್ಣ ಗದ್ದಲ, ಅಂದರೆ ನಾಯ್ಸ್, ಅದೇ ಬೀಜ. ಅದರಲ್ಲಿ ಎಲ್ಲ ಫ್ರೀಕ್ವೆನ್ಸಿಯೂ ಚೂರುಚೂರು ಇರುತ್ತದೆ. ಯಾವುದಕ್ಕೆ ಫೇಸ್ ಕೂಡುತ್ತದೋ ಅದೊಂದೇ ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ. ಬೆಳೆಯಲು ಆರಂಭದಲ್ಲಿ ಸುತ್ತಿನ ಗೇನ್ (ಸಂಕೇತ ಎಷ್ಟು ಪಟ್ಟು ಆಗುತ್ತದೆ ಎಂಬುದು) ಒಂದಕ್ಕಿಂತ ತುಸು ಹೆಚ್ಚಿರಬೇಕು, ಬೆಳೆದ ಮೇಲೆ ಒಂದಕ್ಕೆ ಇಳಿದು ನಿಲ್ಲಬೇಕು. ಈ ಇಳಿಸುವ ಕೆಲಸವನ್ನು ಎಷ್ಟು ನಯವಾಗಿ ಮಾಡುತ್ತೀರಿ ಎನ್ನುವುದರ ಮೇಲೆ ಅಲೆಯ ಶುದ್ಧತೆ ನಿಂತಿದೆ. ಇದನ್ನು ನೆನಪಿಡಿ, ವೀನ್ ಬ್ರಿಜ್ ಮಾತು ಬಂದಾಗ ಬೇಕಾಗುತ್ತದೆ.

ಇನ್ನೊಂದು ಜಾತಿಯೇ ಬೇರೆ. ಮನೆಯ ಮೇಲಿನ ಟಾಕಿಗೆ ಫ್ಲೋಟ್ ಸ್ವಿಚ್ ಹಾಕಿದ್ದೀರಿ ಎನ್ನಿ. ನೀರು ಕೆಳಗಿನ ಗೆರೆಗೆ ಇಳಿದರೆ ಮೋಟಾರು ಚಾಲೂ, ಮೇಲಿನ ಗೆರೆ ಮುಟ್ಟಿದರೆ ಬಂದ್. ನೀರು ಏರುತ್ತ ಇಳಿಯುತ್ತ ಇರುತ್ತದೆ. 555 ಮಾಡುವುದು ಇಷ್ಟೇ. ನೀರಿನ ಬದಲು ಕೆಪಾಸಿಟರಿನ ವೋಲ್ಟೇಜ್, ಗೆರೆಗಳು ಸಪ್ಲೈಯ ಮೂರನೇ ಒಂದು ಮತ್ತು ಮೂರನೇ ಎರಡು ಭಾಗದಲ್ಲಿ. ಇವನ್ನು ರಿಲ್ಯಾಕ್ಸೇಶನ್ ಆಸಿಲೇಟರ್ ಎನ್ನುತ್ತಾರೆ. ಜೋಕಾಲಿಗೆ ಹಗ್ಗದ ಉದ್ದವೇ ತಾಳ ಕೊಡುತ್ತದೆ, ನೂಕುವವರು ಬದಲಾದರೂ ತಾಳ ಹೆಚ್ಚು ಕೆಡುವುದಿಲ್ಲ. ಟಾಕಿಗೆ ಹಾಗಲ್ಲ. ಪೈಪು ತುಸು ಕಟ್ಟಿದರೂ, ಗೆರೆ ಬೆರಳಷ್ಟು ಸರಿದರೂ ತುಂಬುವ ಹೊತ್ತು ಬದಲಾಗುತ್ತದೆ.

ಐಸಿ ಕೊಳ್ಳುವ ಮೊದಲು ಕೇಳಬೇಕಾದ್ದು

"ಸರ, ಯಾವ ಆಸಿಲೇಟರ್ ಬೆಸ್ಟ್?" ಎಂದು ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ: ನಿನ್ನ ಕೆಲಸ ಯಾವ ತಪ್ಪನ್ನು ತಡಕೊಳ್ಳುತ್ತದೆ, ಯಾವುದನ್ನು ತಡಕೊಳ್ಳುವುದಿಲ್ಲ? ಹೇಳಿದ ಅಂಕಿಗೇ ಸರಿಯಾಗಿ ಇರಬೇಕೆ? ಅಥವಾ ಅಂಕಿ ಯಾವುದಾದರೂ ಸರಿ, ಇಟ್ಟಲ್ಲಿ ಇರಬೇಕೆ? ಅಲೆ ಶುದ್ಧ ಸೈನ್ (ಒಂದೇ ಫ್ರೀಕ್ವೆನ್ಸಿಯ ನುಣುಪು ಅಲೆ) ಆಗಿರಬೇಕೆ? ನಡುನಡುವೆ ತಿರುಗಿಸಿ ಬದಲಿಸುವುದಿದೆಯೆ? ಇವು ನಾಲ್ಕೂ ಬೇರೆ ಬೇರೆ ಬೇಡಿಕೆಗಳು, ನಾಲ್ಕನ್ನೂ ಅಗ್ಗದಲ್ಲಿ ಒಟ್ಟಿಗೆ ಕೊಡುವ ಆಸಿಲೇಟರ್ ಇಲ್ಲ. ಆದರೆ ನಾಲ್ಕೂ ಒಟ್ಟಿಗೆ ಬೇಕಾಗುವ ಕೆಲಸವೂ ಅಪರೂಪ.

ಅಳತೆಯ ಮಾತಿಗೆ ಪಿಪಿಎಂ ಎಂಬ ಪದ ಬೇಕಾಗುತ್ತದೆ: ಹತ್ತು ಲಕ್ಷಕ್ಕೆ ಇಷ್ಟು ಎಂದು. 10,000 ಪಿಪಿಎಂ ಅಂದರೆ ನೂರಕ್ಕೆ 1.

555: ಎಲ್ಲಿ ಸಾಕು, ಎಲ್ಲಿ ಸಾಲದು

ಹಾನ್ಸ್ ಕಾಮೆನ್‌ಜಿಂಡ್ ಸಿಗ್ನೆಟಿಕ್ಸ್ ಕಂಪನಿಗಾಗಿ 1971ರಲ್ಲಿ ರೂಪಿಸಿದ ಈ ಐಸಿ 1972ರಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಹುಬ್ಬಳ್ಳಿಯ ಯಾವ ಬಿಡಿಭಾಗದ ಅಂಗಡಿಗೆ ಹೋದರೂ ಚಹಾದ ದುಡ್ಡಿಗೆ ಸಿಗುತ್ತದೆ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಕು. 1.44 ಅನ್ನು ಮೊದಲ ರೆಸಿಸ್ಟರ್ ಮತ್ತು ಎರಡನೆಯದರ ಎರಡು ಪಟ್ಟು ಕೂಡಿಸಿದ ಮೊತ್ತದಿಂದಲೂ ಕೆಪಾಸಿಟರ್ ಬೆಲೆಯಿಂದಲೂ ಭಾಗಿಸಿದರೆ ಫ್ರೀಕ್ವೆನ್ಸಿ ಬರುತ್ತದೆ.

ದೀಪ ಮಿಣುಕಿಸಲು, ಬಜರ್ ಕೂಗಿಸಲು, ಮೋಟಾರಿನ ವೇಗ ಪಿಡಬ್ಲ್ಯೂಎಂನಿಂದ (ಕರೆಂಟನ್ನು ಬೇಗಬೇಗ ಹಚ್ಚಿ ಆರಿಸುವುದರಿಂದ) ಇಳಿಸಲು ಇದಕ್ಕಿಂತ ದೊಡ್ಡದನ್ನು ಹುಡುಕುವುದು ದಂಡ. ಗದಗ, ನವಲಗುಂದದ ಯರಿ ಹೊಲಕ್ಕೆಂದು ಹುಡುಗರು ಮಾಡುವ ತೇವಾಂಶ ಯಂತ್ರದಲ್ಲೂ 555 ಇರುತ್ತದೆ, ಬಹಳ ಜನ ಗಮನಿಸಿರುವುದಿಲ್ಲ. ಮಣ್ಣಿಗೆ ಚುಚ್ಚುವ ಆ ಕಪ್ಪು ಪಟ್ಟಿಯ ಕೆಪಾಸಿಟಿವ್ ಸೆನ್ಸರಿನಲ್ಲಿ ಟಿಎಲ್‌ಸಿ 555 ಚೌಕಲೆ, ಅಂದರೆ ಚೌಕಾಕಾರದ ಅಲೆ, ಹುಟ್ಟಿಸುತ್ತದೆ. ಅದು ಒಂದು ರೆಸಿಸ್ಟರ್ ದಾಟಿ ಪಟ್ಟಿಗೆ ಹೋಗುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು ನಾಲ್ಕೈದರ ಆಸುಪಾಸು. ಮಣ್ಣು ಹಸಿಯಾದಷ್ಟೂ ಪಟ್ಟಿಯ ಕೆಪಾಸಿಟಿ ಏರುತ್ತದೆ, ಅಲೆ ಕುಗ್ಗುತ್ತದೆ, ಹೊರಬರುವ ವೋಲ್ಟೇಜ್ ಇಳಿಯುತ್ತದೆ. ಇಲ್ಲಿ 555 ನೂರಕ್ಕೆ ಒಂದೆರಡು ಸರಿದರೆ ಏನೂ ಮುಳುಗುವುದಿಲ್ಲ. ಬೇಸಿಗೆಯಲ್ಲಿ ಯರಿ ಮಣ್ಣು ಬಿರಿದು ಪಟ್ಟಿಯ ಪಕ್ಕದಲ್ಲಿ ಗಾಳಿ ತುಂಬಿಕೊಳ್ಳುತ್ತದಲ್ಲ, ಆ ತಪ್ಪು ಇದರ ಹತ್ತು ಪಟ್ಟು. ನಿಖರವಾದ ಕ್ವಾರ್ಟ್ಜ್ ಕ್ರಿಸ್ಟಲಿಗೆ ದುಡ್ಡು ಹಾಕುವ ಬದಲು ಪಟ್ಟಿಯನ್ನು ಎಲ್ಲಿ, ಹೇಗೆ ಹೂಳಬೇಕೆಂದು ಯೋಚಿಸುವುದು ಲೇಸು. ಕೊಳ್ಳುವಾಗ ಒಂದು ಸಂಗತಿ ಮಾತ್ರ ನೋಡಿ. ಕೆಲವು ಅಗ್ಗದ ಪಟ್ಟಿಗಳಲ್ಲಿ ಟಿಎಲ್‌ಸಿ 555 ಬದಲು ಹಳೆಯ ಎನ್‌ಇ 555 ಕೂರಿಸಿರುತ್ತಾರೆ. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಪಟ್ಟಿಯ ಒಳಗಿನ ಸಪ್ಲೈ 3.3 ವೋಲ್ಟ್ ಮಾತ್ರ. ಐಸಿಯ ಮೇಲಿನ ಅಕ್ಷರ ಓದಿಯೇ ತನ್ನಿ.

ಇನ್ವರ್ಟರ್ ಕಟ್ಟುವವರಿಗೆ ನಾನು 555 ಹೇಳುವುದಿಲ್ಲ, ಸಿಡಿ 4047 ಹೇಳುತ್ತೇನೆ. ಅದು ಒಳಗೇ ಎರಡರಿಂದ ಭಾಗಿಸಿ ಸರಿಸಮ ಅರ್ಧಗಳ, ಒಂದಕ್ಕೊಂದು ಎದುರಾದ ಎರಡು ಔಟ್‌ಪುಟ್ ಕೊಡುತ್ತದೆ, ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದು ಅದೇ. 0.1 ಮೈಕ್ರೋಫ್ಯಾರಡ್ ಜೊತೆ 45.5 ಕಿಲೋ ಓಮ್ ಇಟ್ಟರೆ 50 ಹರ್ಟ್ಸ್. ಕರೆಂಟು ಹೋದಾಗ ಹಳೆಯ ಇನ್ವರ್ಟರಿನ ಮೇಲೆ ಫ್ಯಾನು ಗುಂಯ್ ಎನ್ನುವುದು ಚೌಕಲೆಯಲ್ಲಿ 50ರ ಜೊತೆ 150, 250 ಹರ್ಟ್ಸ್ ಕೂಡ ಇರುವುದರಿಂದ. ಫ್ರೀಕ್ವೆನ್ಸಿ ಸರಿ ಇದ್ದೂ ಅಲೆ ಶುದ್ಧವಿಲ್ಲದಿದ್ದರೆ ಏನಾಗುತ್ತದೆಂದು ಕಿವಿಯಿಂದಲೇ ತಿಳಿಯುವ ಉದಾಹರಣೆ ಇದು.

ಈಗ ಸಾಲದ ಕಡೆ ಬರೋಣ. 555ರ ಡೇಟಾ ಶೀಟು ತೆಗೆದರೆ ಆಸ್ಟೇಬಲ್ ಸ್ಥಿತಿಯಲ್ಲಿ (ನಿಲ್ಲದೆ ಆಡುತ್ತಿರುವಾಗ) ಒಂದು ಡಿಗ್ರಿ ಉಷ್ಣತೆಗೆ 150 ಪಿಪಿಎಂ, ಒಂದು ವೋಲ್ಟ್ ಸಪ್ಲೈ ಬದಲಾದರೆ ನೂರಕ್ಕೆ 0.3 ಎಂದು ಬರೆದಿದೆ. ಬೇಸಿಗೆಯ ಬೆಳಗ್ಗೆ 22 ಡಿಗ್ರಿ, ಮಧ್ಯಾಹ್ನ 37 ಎನ್ನಿ. 15 ಡಿಗ್ರಿಗೆ 2,250 ಪಿಪಿಎಂ ಐಸಿಯ ಪಾಲು. 9 ವೋಲ್ಟಿನ ಬ್ಯಾಟರಿ 7ಕ್ಕೆ ಇಳಿದರೆ 6,000 ಪಿಪಿಎಂ. ಇದರ ಮೇಲೆ ಕೆಪಾಸಿಟರ್. ಪಾಲಿಯೆಸ್ಟರ್ ಆದರೆ ಡಿಗ್ರಿಗೆ ಕೆಲವು ನೂರು ಪಿಪಿಎಂ ಸರಿಯುತ್ತದೆ. ಅಗ್ಗದ ವೈ5ವಿ ಸೆರಾಮಿಕ್ ಅಂತೂ ತನ್ನ ಉಷ್ಣ ವ್ಯಾಪ್ತಿಯೊಳಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಕಳಕೊಳ್ಳಬಹುದು. ಒಟ್ಟು ನೂರಕ್ಕೆ ಒಂದರಷ್ಟು ಸರಿಯುವುದು ಸಹಜ. ಮಿಣುಕು ದೀಪಕ್ಕೆ ಇದು ಏನೇನೂ ಅಲ್ಲ. ತಂಬೂರಿಗೆ?

ತಂಬೂರಿ ಪೆಟ್ಟಿಗೆ: ನಿಖರತೆ ಬೇಡ, ನಂಟು ಬೇಕು

ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರವಾದ ಪ್ರಮಾಣ ಶ್ರುತಿಯನ್ನು 81ಕ್ಕೆ 80ರ ಪ್ರಮಾಣ ಎಂದು ಲೆಕ್ಕ ಹಾಕುತ್ತಾರೆ, ಅಂದರೆ ನೂರಕ್ಕೆ 1.25. ನೂರಕ್ಕೆ ಒಂದು ಸರಿದ ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಶ್ರುತಿಯಷ್ಟು ಜಾರಿದಂತಾಯಿತು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಈ ನೆಲದಲ್ಲಿ, ಮಿರಜದಿಂದ ತಂದ ತಂಬೂರಿ ಮಿಡಿದು ಕಿವಿ ಹದಗೊಳಿಸಿಕೊಂಡ ಗುರುಗಳ ಎದುರು ಅಷ್ಟು ಜಾರಿದ ಷಡ್ಜ ಇಟ್ಟುಕೊಂಡು ಕೂಡಲು ಆಗುವುದಿಲ್ಲ.

ಆದರೆ ಆ ಹುಡುಗನ ಕಷ್ಟ ಷಡ್ಜ ಜಾರಿದ್ದಕ್ಕಿಂತ ದೊಡ್ಡದಿತ್ತು. ಷಡ್ಜ ಪಂಚಮ ಎರಡೂ ಒಟ್ಟಿಗೆ ಜಾರಿದ್ದರೆ ಹಾಡುವವನು ತಿಳಿಯದೆಯೇ ಜೊತೆಗೆ ಸರಿಯುತ್ತಿದ್ದ. ಎರಡು ಬೇರೆ 555, ಎರಡು ಬೇರೆ ಕೆಪಾಸಿಟರ್ ಆದ್ದರಿಂದ ಒಂದೊಂದು ಒಂದೊಂದು ದಾರಿ ಹಿಡಿದವು. ಅವನ ಷಡ್ಜ ಕರಿ ಒಂದು (ಹಾರ್ಮೋನಿಯಂನ ಮೊದಲ ಕರಿ ಮನೆ), 138.6 ಹರ್ಟ್ಸ್. ಮಂದ್ರ ಪಂಚಮ ಅದರ ನಾಲ್ಕನೇ ಮೂರು ಭಾಗ, 103.95. ಷಡ್ಜದ ಮೂರನೆಯ ಹಾರ್ಮೋನಿಕ್, ಅಂದರೆ ಅದರ ಮೂರು ಪಟ್ಟಿನ ಫ್ರೀಕ್ವೆನ್ಸಿ, 415.8, ಪಂಚಮದ ನಾಲ್ಕನೆಯದೂ 415.8. ಎರಡೂ ಒಂದರ ಮೇಲೊಂದು ಕೂತಾಗಲೇ ಆ ತುಂಬಿದ ನಾದ ಹುಟ್ಟುವುದು. ಪಂಚಮ ನೂರಕ್ಕೆ 0.2 ಸರಿದರೂ ಸುಮಾರು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯತೊಡಗುತ್ತದೆ. ಅದು ಬೇಸೂರ.

ಹಾಗಾದರೆ ದುಬಾರಿ ಆಸಿಲೇಟರ್ ಬೇಕೆ? ಬೇಡ. ಒಂದೇ ಆಸಿಲೇಟರ್ ಬೇಕು. ಮೇಲಿನ ಫ್ರೀಕ್ವೆನ್ಸಿಯ ಒಂದು ಕ್ರಿಸ್ಟಲ್ ಇಟ್ಟು, ಅದನ್ನು ಪೂರ್ಣಸಂಖ್ಯೆಗಳಿಂದ ಭಾಗಿಸಿ ಎಲ್ಲ ಸ್ವರ ಹುಟ್ಟಿಸಿದರೆ ಆ ಸ್ವರಗಳ ನಡುವಿನ ನಂಟು ಬಿಸಿಲಿಗೂ ಬ್ಯಾಟರಿಗೂ ಬಗ್ಗುವುದಿಲ್ಲ. ಲ್ಯಾಬಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ 8254 ಟೈಮರ್ ಐಸಿ ತೆಗೆದೆವು. ಅದರಲ್ಲಿ 16 ಬಿಟ್ಟಿನ ಮೂರು ಕೌಂಟರ್ ಇವೆ, ತಂಬೂರಿಗೂ ಮೂರೇ ಸ್ವರ. 4 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ ಕೊಟ್ಟೆವು. 9,620 ಎಂಬ ಬೀಜಸಂಖ್ಯೆ ಹಿಡಿದು ಅದರ ನಾಲ್ಕು ಪಟ್ಟು 38,480 ಮಂದ್ರ ಪಂಚಮಕ್ಕೆ, ಮೂರು ಪಟ್ಟು 28,860 ಷಡ್ಜಕ್ಕೆ, ಆರು ಪಟ್ಟು 57,720 ಖರ್ಜಕ್ಕೆ, ಅಂದರೆ ಮಂದ್ರ ಷಡ್ಜಕ್ಕೆ. ಬೀಜಸಂಖ್ಯೆಯನ್ನು ಒಂದು ಏರಿಸಿದರೆ ಮೂರೂ ಸ್ವರ ಒಟ್ಟಿಗೆ ನೂರಕ್ಕೆ 0.01ರಷ್ಟು ಇಳಿಯುತ್ತವೆ. ಅಷ್ಟು ಸಣ್ಣ ಮೆಟ್ಟಿಲು ಯಾವ ಕಿವಿಗೂ ಗೊತ್ತಾಗುವುದಿಲ್ಲ, ಆದ್ದರಿಂದ ಗುಂಡಿ ತಿರುಗಿಸಿದಂತೆ ನುಣ್ಣಗೆ ಶ್ರುತಿ ಕೂಡಿಸಬಹುದು.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಕ್ರಿಸ್ಟಲಿನ ನಿಖರತೆ ಇಲ್ಲಿ ಹೆಚ್ಚುಕಡಿಮೆ ಬೇಕಾಗಿಯೇ ಇಲ್ಲ. ಷಡ್ಜ ಎಲ್ಲಿ ಎಂದು ಹಾಡುವವನು ತಾನೇ ನಿರ್ಧರಿಸುತ್ತಾನೆ. ಅದು 138.6 ಇರಲಿ, 138.9 ಇರಲಿ, ಕೂಡಿಸಿಕೊಂಡ ಮೇಲೆ ಅಲ್ಲೇ ನಿಲ್ಲಬೇಕು, ಪಂಚಮ ಅದರ ಕೈ ಬಿಡಬಾರದು. ಆರ್ಡುಯಿನೊ ಬಳಸಿ ಸಾಫ್ಟ್‌ವೇರಿನಲ್ಲೇ ಸ್ವರ ಹುಟ್ಟಿಸುವವರಿಗೂ ಇದೇ ಮಾತು. ಊನೊ ಬೋರ್ಡಿನ ಮುಖ್ಯ ಚಿಪ್ಪಿಗೆ ಇರುವುದು ಸೆರಾಮಿಕ್ ರೆಸೊನೇಟರ್, ಕ್ರಿಸ್ಟಲ್ ಅಲ್ಲ, ನೂರಕ್ಕೆ 0.5 ಆಚೀಚೆ ಇರಬಹುದು. ತಂಬೂರಿಗೆ ಅದು ಧಾರಾಳ ಸಾಕು. ಹಾರ್ಮೋನಿಯಂ ಜೊತೆ ನುಡಿಸುವುದಿದ್ದರೂ ಒಮ್ಮೆ ಕೂಡಿಸಿಕೊಂಡರೆ ಮುಗಿಯಿತು.

ಹಾಗಂತ ಚೌಕಲೆಯ ನಾದ ತಂಬೂರಿಯ ನಾದವಾಗುವುದಿಲ್ಲ. ತಂತಿ ಕುದುರೆಗೆ ತಾಗಿ ಹುಟ್ಟುವ ಜವಾರಿಯ ಆ ಜೇಂಕಾರ ಬೇರೆಯೇ ಅಧ್ಯಾಯ. ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತಂದಾಗಿನಿಂದ ಇವತ್ತಿನ ಪೆಟ್ಟಿಗೆಗಳವರೆಗೆ ಬಹಳ ದಾರಿ ಸಾಗಿದೆ, ಈಗಿನವು ನಿಜ ತಂಬೂರಿಯ ಧ್ವನಿಮುದ್ರಣವನ್ನೇ ನುಡಿಸುತ್ತವೆ. ಅಲ್ಲಿಯೂ ಮುದ್ರಣ ಎಷ್ಟು ವೇಗದಲ್ಲಿ ಓಡಬೇಕೆಂದು ಹೇಳುವುದು ಒಳಗಿನ ಒಂದು ಕ್ಲಾಕ್ ಆಸಿಲೇಟರೇ.

ಶುದ್ಧ ಸೈನ್ ಬೇಕಾದವರಿಗೆ

ಜಾತ್ರೆ, ಮದುವೆಗೆ ಸೌಂಡ್ ಹಾಕುವವರು ಆಂಪ್ಲಿಫೈಯರ್ ಪರೀಕ್ಷಿಸಲು 1 ಕಿಲೋಹರ್ಟ್ಸ್ ಸೈನ್ ಕೇಳುತ್ತಾರೆ. ಇಲ್ಲಿ ಪೈಪೋಟಿ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಫೇಸ್ ಶಿಫ್ಟ್ ಮತ್ತು ವೀನ್ ಬ್ರಿಜ್ ನಡುವೆ. ಫೇಸ್ ಶಿಫ್ಟ್‌ನಲ್ಲಿ ಮೂರು ಆರ್‌ಸಿ ಮೆಟ್ಟಿಲು ಸೇರಿ 180 ಡಿಗ್ರಿ ಕೊಡುತ್ತವೆ, ಆದರೆ ಸಂಕೇತ 29ನೇ ಒಂದು ಭಾಗಕ್ಕೆ ಕುಗ್ಗಿರುತ್ತದೆ, ಆಂಪ್ಲಿಫೈಯರ್ ಅಷ್ಟೂ ಗೇನ್ ತುಂಬಿಕೊಡಬೇಕು. ಫ್ರೀಕ್ವೆನ್ಸಿ ಬದಲಿಸಬೇಕಾದರೆ ಮೂರೂ ಭಾಗ ಒಟ್ಟಿಗೆ ಬದಲಾಗಬೇಕು. ಪರೀಕ್ಷೆಯಲ್ಲಿ ಅಂಕಕ್ಕೆ ಒಳ್ಳೆಯದು, ಮೇಜಿನ ಮೇಲೆ ನಾನು ಆರಿಸುವುದಿಲ್ಲ.

ವೀನ್ ಬ್ರಿಜ್ ಆರಿಸುತ್ತೇನೆ. ಬೇಕಾದ ಗೇನ್ 3 ಮಾತ್ರ, ಎರಡು ರೆಸಿಸ್ಟರ್ ಬದಲಿಸಿದರೆ ಫ್ರೀಕ್ವೆನ್ಸಿ ಬದಲು. 16 ಕಿಲೋ ಓಮ್, 10 ನ್ಯಾನೋಫ್ಯಾರಡ್ ಇಟ್ಟರೆ 995 ಹರ್ಟ್ಸ್. ತೊಡಕು ಒಂದೇ: ಗೇನ್ 3ಕ್ಕಿಂತ ಚೂರು ಕಡಿಮೆ ಆದರೆ ಅಲೆ ಸಾಯುತ್ತದೆ, ಚೂರು ಹೆಚ್ಚಾದರೆ ತಲೆ ಕತ್ತರಿಸಿಹೋಗುತ್ತದೆ. ಮ್ಯಾಕ್ಸ್ ವೀನ್ ಈ ಬ್ರಿಜ್ ರೂಪಿಸಿದ್ದು 1891ರಲ್ಲಿ. ಅರ್ಧ ಶತಮಾನದ ಹತ್ತಿರ ಕಳೆದು 1939ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿ ವಿಲಿಯಂ ಹ್ಯೂಲೆಟ್ ತನ್ನ ಪ್ರಬಂಧದಲ್ಲಿ ಈ ತೊಡಕನ್ನು ಒಂದು ಸಣ್ಣ ಬಲ್ಬಿನಿಂದ ಬಿಡಿಸಿದ. ಅಲೆ ದೊಡ್ಡದಾದರೆ ತಂತು ಕಾಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ, ಗೇನ್ ಇಳಿಯುತ್ತದೆ. ಅಲೆ ಚಿಕ್ಕದಾದರೆ ತಂತು ಆರಿ ಗೇನ್ ಏರುತ್ತದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಮೊದಲ ಸರಕು ಇದೇ ಆಸಿಲೇಟರ್. ಅದರ ಸುಧಾರಿಸಿದ ರೂಪದ ಎಂಟನ್ನು ವಾಲ್ಟ್ ಡಿಸ್ನಿ ಸ್ಟುಡಿಯೊ ಕೊಂಡಿತು. ನೀವು ಕಟ್ಟುವಾಗ ಬಲ್ಬಿನ ಬದಲು ಎರಡು ಡಯೋಡ್ ಹಾಕಬಹುದು, ಕೆಲಸ ನಡೆಯುತ್ತದೆ. ಆದರೆ ಆಂಪ್ಲಿಫೈಯರಿನ ವಿರೂಪ ಅಳೆಯುವುದೇ ನಿಮ್ಮ ಉದ್ದೇಶವಾಗಿದ್ದರೆ ಬಲ್ಬೇ ಇರಲಿ. ಫ್ರೀಕ್ವೆನ್ಸಿ ತಿರುಗಿಸಿದಾಗ ಅಲೆ ಒಂದೆರಡು ಕ್ಷಣ ಓಲಾಡಿ ನಿಲ್ಲುತ್ತದೆ, ಅದಕ್ಕೆ ಗಾಬರಿ ಬೇಡ.

ರೇಡಿಯೊ ಕಾಯಿಲ್

ಮನೆಯ ಹಳೆಯ ಮರ್ಫಿಯಲ್ಲಿ ಧಾರವಾಡ ಆಕಾಶವಾಣಿ ಕೇಳಿದವರು ಎಲ್‌ಸಿ (ಕಾಯಿಲ್-ಕೆಪಾಸಿಟರ್) ಆಸಿಲೇಟರನ್ನು ಕೈಯಾರೆ ತಿರುಗಿಸಿದವರೇ. 1950ರಲ್ಲಿ ಆರಂಭವಾದ ಆ ನಿಲಯದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ರೇಡಿಯೊದ ಒಳಗಿನ ಲೋಕಲ್ ಆಸಿಲೇಟರ್ 1,220ರಲ್ಲಿ ಆಡಿದರೆ ಎರಡರ ವ್ಯತ್ಯಾಸ 455 ಬಂದು ಮುಂದಿನ ಹಂತಕ್ಕೆ ಹೋಗುತ್ತದೆ. ಈ ಲೋಕಲ್ ಆಸಿಲೇಟರ್ 555ರಂತೆ ನೂರಕ್ಕೆ ಒಂದು ಸರಿದರೆ 12 ಕಿಲೋಹರ್ಟ್ಸ್ ಆಯಿತು. ಮಧ್ಯಮ ತರಂಗದ ನಿಲಯಗಳ ನಡುವಿನ ಅಂತರವೇ 9. ನಿಲಯ ಕೈತಪ್ಪಿತು ಎಂದೇ ಲೆಕ್ಕ. ಕಾಯಿಲ್ ಮತ್ತು ಕೆಪಾಸಿಟರಿನ ಜೋಡಿ ನಿಜವಾದ ಜೋಕಾಲಿ ಆದ್ದರಿಂದ ಅಷ್ಟು ಸರಿಯುವುದಿಲ್ಲ.

ರಾಲ್ಫ್ ಹಾರ್ಟ್ಲಿ 1915ರಲ್ಲಿ ಕಾಯಿಲಿನ ನಡುವೆ ಟ್ಯಾಪ್, ಅಂದರೆ ಹೊರಗೆ ಎಳೆದ ಒಂದು ತಂತಿ, ತೆಗೆದ. ಎಡ್ವಿನ್ ಕಾಲ್ಪಿಟ್ಸ್ 1918ರಲ್ಲಿ ಟ್ಯಾಪನ್ನು ಕೆಪಾಸಿಟರ್ ಕಡೆಗೆ ತಂದ. ಕೈಯಿಂದ ಕಾಯಿಲ್ ಸುತ್ತುವವರಿಗೆ ಕಾಲ್ಪಿಟ್ಸ್ ಸಲೀಸು, ಟ್ಯಾಪಿನ ಗೋಜಿಲ್ಲ. ವೇರಿಯಬಲ್ ಕೆಪಾಸಿಟರ್ ಒಂದರಿಂದಲೇ ದೂರದವರೆಗೆ ತಿರುಗಿಸಬೇಕಾದರೆ ಹಾರ್ಟ್ಲಿ. ಯಾವುದಾದರೂ ಕೆಪಾಸಿಟರ್ ಮಾತ್ರ ಎನ್‌ಪಿಒ ಜಾತಿಯದ್ದೇ ಇರಲಿ, ಡಿಗ್ರಿಗೆ 30 ಪಿಪಿಎಂ ಒಳಗಿರುತ್ತದೆ. ಕಾಯಿಲ್ ಅಲುಗದಂತೆ ಮೇಣ ಹಾಕಿ ಗಟ್ಟಿ ಮಾಡಿ, ಲೋಹದ ಡಬ್ಬಿಯೊಳಗೆ ಇಡಿ. ಕೈ ಹತ್ತಿರ ತಂದರೂ ಫ್ರೀಕ್ವೆನ್ಸಿ ಸರಿಯುತ್ತದೆ.

ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಈ ಸರಿದಾಟದ ಜೊತೆ ಬಹಳ ಗುದ್ದಾಡಿದ್ದಾರೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಸೆಟ್ಟಿನ ಮೊದಲ ರೂಪದಲ್ಲಿ ಎಲ್‌ಸಿ ಇತ್ತು, ಮುಂದಿನವಕ್ಕೆ ಎಸ್‌ಐ 5351 ಬಂತು. ಈ ಪುಟ್ಟ ಐಸಿ ಒಂದು 25 ಮೆಗಾಹರ್ಟ್ಸ್ ಕ್ರಿಸ್ಟಲ್ ಹಿಡಿದು ಬೇಕಾದ ಫ್ರೀಕ್ವೆನ್ಸಿಯನ್ನು ಲೆಕ್ಕ ಹಾಕಿ ಕೊಡುತ್ತದೆ. ಇವತ್ತು ಹೊಸದಾಗಿ ರೇಡಿಯೊ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಔಟ್‌ಪುಟ್ ಚೌಕಲೆ ಎನ್ನುವುದು ನೆನಪಿರಲಿ, ಫಿಲ್ಟರ್ ಇಲ್ಲದೆ ಆಂಟೆನಾಗೆ ಕೊಡಬೇಡಿ. ಲೈಸೆನ್ಸ್ ಇಲ್ಲದೆ ಯಾವ ಆಸಿಲೇಟರನ್ನೂ ಆಂಟೆನಾಗೆ ಕೊಡಬೇಡಿ; ಹುಡುಗರು ಆಸೆಪಟ್ಟು ಕಟ್ಟುವ ಎಫ್‌ಎಂ ಟ್ರಾನ್ಸ್‌ಮಿಟರಿಗೂ ಈ ಕಾನೂನು ಅನ್ವಯ.

ಕ್ರಿಸ್ಟಲ್, ರೆಸೊನೇಟರ್, ಚಿಪ್ಪಿನೊಳಗಿನ ಆರ್‌ಸಿ

ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ವಾಲ್ಟರ್ ಕೇಡಿ 1921ರಲ್ಲಿ ಸ್ಫಟಿಕಶಿಲೆಯ ಹಲ್ಲೆಯಿಂದ ಆಸಿಲೇಟರ್ ಕಟ್ಟಿದ. ಒಳ್ಳೆಯ ಕಾಯಿಲ್ ತನ್ನ ಕಂಪನವನ್ನು ನೂರರ ಲೆಕ್ಕದ ಸುತ್ತು ಹಿಡಿದಿಟ್ಟರೆ ಕ್ವಾರ್ಟ್ಜ್ ಹತ್ತು ಸಾವಿರಗಳ ಲೆಕ್ಕದಲ್ಲಿ ಹಿಡಿದಿಡುತ್ತದೆ. ಅದಕ್ಕೇ ಅದು ಅಷ್ಟು ಹಟಮಾರಿ.

ಮೈಕ್ರೋಕಂಟ್ರೋಲರ್ ಪ್ರಾಜೆಕ್ಟಿನಲ್ಲಿ ಮೂರರಲ್ಲಿ ಯಾವುದು ಎನ್ನುವುದು ಸೀರಿಯಲ್ ಪೋರ್ಟ್ ಇದೆಯೇ ಎಂಬುದರ ಮೇಲೆ ನಿಂತಿದೆ. ಊನೊ ಬೋರ್ಡಿನ ಚಿಪ್ಪಾದ ಎಟಿಮೆಗಾ 328ರ ಒಳಗಿನ 8 ಮೆಗಾಹರ್ಟ್ಸ್ ಆರ್‌ಸಿ ಕಾರ್ಖಾನೆಯಿಂದ ನೂರಕ್ಕೆ 10ರವರೆಗೆ ಆಚೀಚೆ ಇರಬಹುದು. ಸೀರಿಯಲ್ ಸಂವಹನ ನೂರಕ್ಕೆ ಸುಮಾರು 2 ದಾಟಿದರೆ ಕೆಡುತ್ತದೆ. ಜಿಪಿಎಸ್ ಮಾಡ್ಯೂಲಿನಿಂದ ಬರೀ ಕಸದ ಅಕ್ಷರ ಬರುತ್ತಿವೆ ಎಂದು ತಂದವರಲ್ಲಿ ಅರ್ಧ ಜನರ ರೋಗ ಇದೇ. ರೆಸೊನೇಟರ್ ಹಾಕಿದರೆ ವಾಸಿ.

8051 ಮೈಕ್ರೋಕಂಟ್ರೋಲರ್ ಕಲಿತವರು 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಕ್ರಿಸ್ಟಲ್ ಏಕೆ ಎಂದು ಕೇಳಿಯೇ ಇರುತ್ತಾರೆ. ಅದನ್ನು 12ರಿಂದ, 32ರಿಂದ, ಮತ್ತೆ 3ರಿಂದ ಭಾಗಿಸಿ ನೋಡಿ, ಸರಿಯಾಗಿ 9,600, ಸೀರಿಯಲ್ ಪೋರ್ಟಿನಲ್ಲಿ ಸೆಕೆಂಡಿಗೆ ಹೋಗುವ ಬಿಟ್ಟುಗಳ ರೂಢಿಯ ವೇಗ. ದುಂಡಗಿನ 12 ಮೆಗಾಹರ್ಟ್ಸ್ ಹಾಕಿದರೆ 10,417 ಬಂದು ನೂರಕ್ಕೆ ಎಂಟೂವರೆ ತಪ್ಪುತ್ತದೆ. ತಂಬೂರಿಯಲ್ಲಿ ನಾವು ಹುಡುಕಿದ ಪೂರ್ಣಸಂಖ್ಯೆಯ ಭಾಗಾಕಾರವೇ ಇಲ್ಲಿಯೂ ಕೆಲಸ ಮಾಡಿದೆ.

ಕ್ರಿಸ್ಟಲಿನ ಎರಡೂ ಕಾಲಿಗೆ ಕೆಪಾಸಿಟರ್ ಹಾಕುವಾಗ ಅಂದಾಜು ಬೇಡ. 18 ಪಿಕೋಫ್ಯಾರಡ್ ಲೋಡ್ ಎಂದು ಬರೆದ ಕ್ರಿಸ್ಟಲಿಗೆ, ಬೋರ್ಡಿನ ತಂತಿಗಳದೇ ಐದಾರು ಪಿಕೋಫ್ಯಾರಡ್ ಕಳೆದರೆ, 22ರಿಂದ 27ರ ಎರಡು ಸರಿ. ಬ್ರೆಡ್‌ಬೋರ್ಡಿನ ಮೇಲೆ ಕ್ರಿಸ್ಟಲ್ ಸತಾಯಿಸಿದರೆ ಅಚ್ಚರಿ ಇಲ್ಲ, ಪಕ್ಕದ ಪಟ್ಟಿಗಳ ಕೆಪಾಸಿಟಿಯೇ ಲೆಕ್ಕ ಕೆಡಿಸುತ್ತದೆ.

ಶಾಲೆಯ ಗಂಟೆ: ಇಲ್ಲಿ ಪೂರ್ತಿ ನಿಖರತೆ ಬೇಕು

ಹಾವೇರಿ ಕಡೆಯ ಹಳ್ಳಿಯ ಶಾಲೆಗೆ ತಾನಾಗಿ ಹೊಡೆಯುವ ಗಂಟೆ ಮಾಡಿಕೊಟ್ಟ ತಂಡವೊಂದು ನನ್ನ ಬಳಿ ಕಲಿತದ್ದು. ಜೂನ್‌ನಲ್ಲಿ ಹಚ್ಚಿದ್ದು ಮುಂದಿನ ಬೇಸಿಗೆಯ ಹೊತ್ತಿಗೆ ಹತ್ತು ನಿಮಿಷದ ಹತ್ತಿರ ಹಿಂದೆ ಬಿದ್ದಿತ್ತು. ಬಳಸಿದ್ದು ಡಿಎಸ್ 1307 ಎಂಬ ಗಡಿಯಾರದ ಐಸಿ ಮತ್ತು ಬಿಡಿ 32,768 ಹರ್ಟ್ಸ್ ಕ್ರಿಸ್ಟಲ್. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಸೆಕೆಂಡು ಸಿಗುತ್ತದೆ, ಗಡಿಯಾರದ ಕ್ರಿಸ್ಟಲ್ ಎಂದರೆ ಅದೇ.

ತಂಬೂರಿಯಲ್ಲಿ ನಗಣ್ಯವಾದದ್ದು ಇಲ್ಲಿ ದಿನದಿಂದ ದಿನಕ್ಕೆ ಕೂಡುತ್ತ ಹೋಗುತ್ತದೆ. 20 ಪಿಪಿಎಂ ತಪ್ಪು ಎಂದರೆ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ 52. ಅದರ ಮೇಲೆ ಉಷ್ಣತೆ. ಈ ಜಾತಿಯ ಕ್ರಿಸ್ಟಲ್ 25 ಡಿಗ್ರಿಯಲ್ಲಿ ಅತಿ ವೇಗ, ಬಿಸಿಯಾದರೂ ತಂಪಾದರೂ ನಿಧಾನ. ವ್ಯತ್ಯಾಸದ ವರ್ಗಕ್ಕೆ 0.034 ಪಿಪಿಎಂ. ಪೆಟ್ಟಿಗೆಯನ್ನು ತಗಡಿನ ಮಾಡಿಗೆ ಹೊಂದಿಸಿ ಹೊಡೆದಿದ್ದರು. ಅಲ್ಲಿ 55 ಡಿಗ್ರಿ ಎಂದರೆ 30 ವ್ಯತ್ಯಾಸ, 30 ಪಿಪಿಎಂ ದಾಟಿತು. ಲೋಡ್ ಕೆಪಾಸಿಟಿಯೂ ಹೊಂದಿರಲಿಲ್ಲ. 1307 ಬೇಡುವುದು 12.5 ಪಿಕೋಫ್ಯಾರಡ್‌ನ ಕ್ರಿಸ್ಟಲ್, ಅಂಗಡಿಯಲ್ಲಿ ಸಿಕ್ಕದ್ದು ಬೇರೆ.

ಬದಲಿಗೆ ಡಿಎಸ್ 3231 ಹಾಕಿಸಿದೆ. ಕ್ರಿಸ್ಟಲ್ ಅದರ ಒಳಗೇ ಇದೆ. ತನ್ನ ಉಷ್ಣತೆ ತಾನೇ ಅಳೆದು ಕೆಪಾಸಿಟಿ ಹೊಂದಿಸಿಕೊಳ್ಳುತ್ತದೆ, 0ಯಿಂದ 40 ಡಿಗ್ರಿಯಲ್ಲಿ 2 ಪಿಪಿಎಂ ಒಳಗೆ. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. 40 ದಾಟಿದರೂ 85 ಡಿಗ್ರಿಯವರೆಗೆ 3.5 ಪಿಪಿಎಂ. ಪೆಟ್ಟಿಗೆಯನ್ನು ಮಾಡಿನಿಂದ ಕೆಳಗಿಳಿಸಿ ಗೋಡೆಗೆ ಹಾಕಿಸಿದೆ, ಅದಕ್ಕೆ ದುಡ್ಡೇ ಬೇಕಾಗಲಿಲ್ಲ. ಐಸಿಯ ಹೆಸರಿನ ಕೊನೆಗೆ ಎಂ ಅಕ್ಷರ ಇದ್ದರೆ ಒಳಗೆ ಕ್ವಾರ್ಟ್ಜ್ ಬದಲು ಸಿಲಿಕಾನ್ ಮೆಮ್ಸ್ (ಕಂಪಿಸುವ ಸೂಕ್ಷ್ಮ ಸಿಲಿಕಾನ್ ತುಂಡು) ಇರುತ್ತದೆ, 5 ಪಿಪಿಎಂ; ಗಂಟೆಗೆ ಅದೂ ಸಾಕು. ನೀಲಿ ಬಣ್ಣದ ಜನಪ್ರಿಯ ಮಾಡ್ಯೂಲ್ ಕೊಂಡರೆ ಒಂದು ಎಚ್ಚರಿಕೆ: ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದಾರಿ ಇದೆ. ಮಾಮೂಲಿ ಸಿಆರ್ 2032 ನಾಣ್ಯದ ಸೆಲ್ ಚಾರ್ಜ್ ಆಗುವಂಥದ್ದಲ್ಲ. ಅದನ್ನೇ ಹಾಕುವುದಿದ್ದರೆ ಚಾರ್ಜಿಂಗ್ ದಾರಿಯ 200 ಓಮ್ ರೆಸಿಸ್ಟರ್ ತೆಗೆದುಬಿಡಿ, ಇಲ್ಲದಿದ್ದರೆ ಸೆಲ್ ಉಬ್ಬುತ್ತದೆ.

ಇದಕ್ಕಿಂತ ಮೇಲೆ ಕ್ರಿಸ್ಟಲನ್ನು ಪುಟ್ಟ ಒಲೆಯೊಳಗೆ ಇಟ್ಟ ಓವನ್ ಆಸಿಲೇಟರ್, ಉಪಗ್ರಹಗಳ ರುಬಿಡಿಯಂ ಗಡಿಯಾರ ಇವೆ. ಪ್ರಾಜೆಕ್ಟಿಗೆ ಅವು ಬೇಡ. ನಿಜವಾಗಿಯೂ ಅಷ್ಟು ನಿಖರತೆ ಬೇಕಾದರೆ ಜಿಪಿಎಸ್ ಮಾಡ್ಯೂಲಿನಿಂದ ಸೆಕೆಂಡಿಗೊಂದು ಪಲ್ಸ್ ಸಿಗುತ್ತದೆ, ಅದಕ್ಕೆ ನಿಮ್ಮ ಕ್ಲಾಕನ್ನು ತಾಳೆ ಹಾಕಿ.

ಡಬ್ಬಿಗೆ ಹಾಕುವ ಮೊದಲಿನ ಸಂಜೆ

ಯಾವುದನ್ನು ಆರಿಸಿದರೂ ಪ್ರಾಜೆಕ್ಟ್ ಡಬ್ಬಿಗೆ ಹಾಕುವ ಮೊದಲು ಒಂದು ಸಂಜೆ ಪರೀಕ್ಷಿಸಿ. ಧ್ವನಿಯ ಮಟ್ಟದ್ದಾದರೆ ಮೊಬೈಲಿನ ಟ್ಯೂನರ್ ಆ್ಯಪ್ ಸಾಕು. ಮೊಬೈಲಿನೊಳಗೆ ಉಷ್ಣತೆ ಸರಿಪಡಿಸಿಕೊಳ್ಳುವ ಕ್ರಿಸ್ಟಲ್ ಇರುವುದರಿಂದ ನಿಮ್ಮ 555ಕ್ಕಿಂತ ಅದನ್ನು ನಂಬಬಹುದು. ಮೊದಲು ತಣ್ಣಗಿರುವಾಗಿನ ಅಂಕಿ ಬರೆದುಕೊಳ್ಳಿ. ಆಮೇಲೆ ಹೇರ್ ಡ್ರೈಯರಿನಿಂದ ಕೆಪಾಸಿಟರಿಗೊಂದು ಸಲ, ಐಸಿಗೊಂದು ಸಲ ಬಿಸಿಗಾಳಿ ಕೊಟ್ಟು ಯಾವುದು ಹೆಚ್ಚು ಸರಿಸುತ್ತದೆ ನೋಡಿ. ಬಹುಪಾಲು ಕೆಪಾಸಿಟರೇ ಸಿಕ್ಕಿಬೀಳುತ್ತದೆ. ಕೊನೆಗೆ ಹೊಸ ಬ್ಯಾಟರಿ ತೆಗೆದು ಹಳೆಯದು ಹಾಕಿ. ಆ ಹುಡುಗನ ಪ್ರಾಜೆಕ್ಟ್ ವರದಿಯಲ್ಲಿ ಹಳೆಯ ಪೆಟ್ಟಿಗೆಯ ಈ ಮೂರು ಅಂಕಿ ಒಂದು ಪುಟದಲ್ಲಿವೆ, ಎದುರು ಪುಟದಲ್ಲಿ 8254 ಹಾಕಿದ ಮೇಲಿನ ಮೂರು. ವೈವಾದಲ್ಲಿ ಪರೀಕ್ಷಕರು ಆ ಎರಡು ಪುಟಗಳ ಮೇಲೆಯೇ ಅರ್ಧ ಗಂಟೆ ಕೂತರು.